ಪರದೆಯ ಹಿಂದಿನ ದನಿ

ರೇಡಿಯೋ ಎಂಬ ಪೆಟ್ಟಿಗೆ ಮೈಸೂರು ಸೀಮೆಗೆ ಬರುವ ಎಷ್ಟೋ ಮೊದಲೇ ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳ ಜನ ಆಕಾಶವಾಣಿಯನ್ನು ಕೇಳಿದ್ದರು. ಅದು ಮಾತಾಡುತ್ತಿದ್ದದ್ದು ಅಪರೂಪಕ್ಕೆ, ನಾಟಕದ ರಾತ್ರಿಗಳಲ್ಲಿ, ಬಣ್ಣದ ಪರದೆಯ ಹಿಂದಿನಿಂದ. ತಂಗಿ ದೇವಕಿಯನ್ನು ಮದುವೆ ಮಾಡಿಕೊಟ್ಟು, ತಾನೇ ರಥ ನಡೆಸಿಕೊಂಡು ಸಂಭ್ರಮದಿಂದ ಹೊರಟ ಕಂಸನಿಗೆ, ಇವಳ ಎಂಟನೆಯ ಮಗುವಿನಿಂದಲೇ ನಿನ್ನ ಸಾವು ಎಂದು ಹೇಳುವ ದನಿ ಅದು. ಮೈಯಿಲ್ಲದ ಆ ದನಿಯನ್ನು ಕೆಲವು ಕಡೆ ಅಶರೀರವಾಣಿ ಎಂದರು, ಕೆಲವು ಕಡೆ ಆಕಾಶವಾಣಿ ಎಂದರು. ಕಂಸ ಬೆಚ್ಚುತ್ತಾನೆ, ಸುತ್ತ ನೋಡುತ್ತಾನೆ, ಯಾರೂ ಕಾಣುವುದಿಲ್ಲ. ಕೂತ ಜನಕ್ಕೂ ಕಾಣುವುದಿಲ್ಲ. ಆದರೂ ಇಡೀ ಕಥೆ ನಡೆಯುವುದು ಆ ಒಂದು ಮಾತಿನ ಮೇಲೆ.

ಹಳೆ ಮೈಸೂರು ಸೀಮೆಯ ಹವ್ಯಾಸಿ ರಂಗಭೂಮಿಯ ಬಗ್ಗೆ ಪಿಎಚ್.ಡಿ. ಅಧ್ಯಯನ ಮಾಡುತ್ತಿರುವ ನನಗೆ ಈ ಪುಟ್ಟ ಪಾತ್ರ ಬಹಳ ದಿನಗಳಿಂದ ಕಾಡುತ್ತಿದೆ. ನಾಟಕದ ಚರಿತ್ರೆ ಒಂದು ಕಡೆ, ರೇಡಿಯೋ ಚರಿತ್ರೆ ಇನ್ನೊಂದು ಕಡೆ ಎಂದು ನಮ್ಮ ಪುಸ್ತಕಗಳು ಬೇರೆ ಬೇರೆ ಅಧ್ಯಾಯ ಮಾಡಿಕೊಂಡಿವೆ. ಕನ್ನಡದ ಮಟ್ಟಿಗೆ ಇವೆರಡೂ ಒಂದೇ ಮನೆಯ ಕಥೆ ಎಂಬುದು ನನ್ನ ತಿಳಿವಳಿಕೆ. ಮನೆ ಎಂಬ ಮಾತನ್ನು ಇಲ್ಲಿ ಅಕ್ಷರಶಃ ಹೇಳುತ್ತಿದ್ದೇನೆ. ಆ ಮನೆಯ ಹೆಸರು ವಿಠ್ಠಲ ವಿಹಾರ.

ಮೈಸೂರಿನ ಈ ಮನೆಯಲ್ಲಿ 1935ರ ಸೆಪ್ಟೆಂಬರ್ 10ರಂದು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮದೇ ಒಂದು ಬಾನುಲಿ ನಿಲಯವನ್ನು ಆರಂಭಿಸಿದರು. ಮೊದಲ ಪ್ರಸಾರ ಯಂತ್ರದ ಶಕ್ತಿ 30 ವ್ಯಾಟ್. ಅಂದರೆ ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ 40 ವ್ಯಾಟಿನ ಗುಂಡು ಬಲ್ಬಿಗಿಂತಲೂ ಕಡಿಮೆ. ಸರ್ಕಾರ ಹೇಳಿ ಮಾಡಿಸಿದ್ದಲ್ಲ, ವ್ಯಾಪಾರಕ್ಕೆಂದು ಮಾಡಿದ್ದಲ್ಲ. ಕಾಲೇಜಿನ ಒಬ್ಬ ಮೇಷ್ಟರು ತಮ್ಮ ಆಸಕ್ತಿಗೆ, ತಮ್ಮ ಮನೆಯಲ್ಲಿ ಮಾಡಿದ ಸಾಹಸ. ಅದೇ ವರ್ಷ ದೆಹಲಿಯಲ್ಲಿ, ಬಿ.ಬಿ.ಸಿ.ಯಿಂದ ಬಂದ ಲಯನೆಲ್ ಫೀಲ್ಡನ್ ಬ್ರಿಟಿಷ್ ಇಂಡಿಯಾದ ರೇಡಿಯೋ ವ್ಯವಸ್ಥೆಯ ಹೊಣೆ ಹೊತ್ತರು. ಆ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು 1936ರ ಜೂನಿನಲ್ಲಿ. ದೆಹಲಿಯ ಸರ್ಕಾರಿ ರೇಡಿಯೋಗೆ ಇಂಗ್ಲಿಷ್ ಹೆಸರು ಸಿಗುತ್ತಿದ್ದ ಹೊತ್ತಿಗೆ ಮೈಸೂರಿನ ಮನೆಯ ರೇಡಿಯೋ ಆಕಾಶವಾಣಿ ಆಗಿತ್ತು.

ಗೋಪಾಲಸ್ವಾಮಿಯವರು ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಅಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಹೆಸರಾಂತ ಮನಶ್ಶಾಸ್ತ್ರಜ್ಞರ ಬಳಿ ಕಲಿತು ಬಂದು, 1924ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ನಾಟಕದ ಹುಚ್ಚು ಇದ್ದವರು. ಮನುಷ್ಯನ ಮನಸ್ಸು ಹೇಗೆ ಕೇಳುತ್ತದೆ, ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂದು ಪ್ರಯೋಗಶಾಲೆಯಲ್ಲಿ ನೋಡುವವರಿಗೆ ರಂಗದ ಮೋಹವೂ ಇದ್ದರೆ ಕೊನೆಗೆ ಮೈಕಿನ ಮುಂದೆ ಬಂದು ನಿಲ್ಲುವುದು ಆಶ್ಚರ್ಯವಲ್ಲ. ರೇಡಿಯೋ ಎಂದರೆ ಕಿವಿಯೊಂದನ್ನೇ ನೆಚ್ಚಿದ ರಂಗಭೂಮಿ.

ಅವರ ಜೊತೆಗೆ ನಿಂತವರಲ್ಲಿ ಮುಖ್ಯರು ನಾ. ಕಸ್ತೂರಿ. 1897ರಲ್ಲಿ ಕೊಚ್ಚಿ ಸಮೀಪದ ತ್ರಿಪ್ಪುಣಿತ್ತುರದಲ್ಲಿ ಹುಟ್ಟಿದವರು. ಕನ್ನಡ ಅವರ ಮನೆಮಾತಲ್ಲ. ಅಧ್ಯಾಪಕರಾಗಿ ಮೈಸೂರಿಗೆ ಬಂದು, ಇತಿಹಾಸ ಪಾಠ ಮಾಡುತ್ತಾ, ಕಲಿತ ಕನ್ನಡದಲ್ಲಿ ಕನ್ನಡಿಗರನ್ನೇ ನಗಿಸಿದರು. ರಾಶಿಯವರ 'ಕೊರವಂಜಿ' 1942ರಲ್ಲಿ ಆರಂಭವಾದಾಗ ಅದರ ಬರಹಗಾರರ ಬಳಗದಲ್ಲಿ ಅವರಿದ್ದರು. ಇದ್ದ ಪದಗಳಿಗೆ ಇಲ್ಲದ ಅರ್ಥ ಕೊಡುವ 'ಅನರ್ಥಕೋಶ' ಅವರದು. ಲೂಯಿ ಕ್ಯಾರಲ್‌ನ ಆಲಿಸಳನ್ನು ಕನ್ನಡಕ್ಕೆ ಕರೆತಂದು 'ಪಾತಾಳದಲ್ಲಿ ಪಾಪಚ್ಚಿ' ಮಾಡಿದವರೂ ಅವರೇ. 'ಗಗ್ಗಯ್ಯನ ಗಡಿಬಿಡಿ'ಯಂಥ ನಾಟಕ ಬರೆದರು. ಗೋಪಾಲಸ್ವಾಮಿಯವರ ನಿಲಯ ನಡೆಸಲು ಹೆಗಲು ಕೊಟ್ಟರು. ಅಧ್ಯಾಪಕ ವೃತ್ತಿ ಮುಗಿದ ಮೇಲೆ 1950ರ ದಶಕದಲ್ಲಿ ಬೆಂಗಳೂರು ಆಕಾಶವಾಣಿಯಲ್ಲಿ ಕಾರ್ಯಕ್ರಮ ನಿರ್ಮಾಪಕರಾದರು. ಪಾಠದ ಕೋಣೆ, ನಾಟಕ, ಹಾಸ್ಯಪತ್ರಿಕೆ, ರೇಡಿಯೋ ಎಲ್ಲಾ ಕಡೆಯೂ ಅವರ ಕಸುಬು ಒಂದೇ ಆಗಿತ್ತು, ಅದು ಆಡುವ ಮಾತಿನ ಕಸುಬು.

ಆಕಾಶವಾಣಿ ಎಂದು ಹೆಸರಿಟ್ಟವರು ಯಾರು? ಗೋಪಾಲಸ್ವಾಮಿಯವರು ಎಂದು ಕೆಲವರು ಬರೆದಿದ್ದಾರೆ. ಸೂಚಿಸಿದವರು ಕಸ್ತೂರಿ, ಒಪ್ಪಿ ಇಟ್ಟವರು ಗೋಪಾಲಸ್ವಾಮಿ ಎಂದು ಇನ್ನು ಕೆಲವರು. ಈ ತಕರಾರಿಗಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಇಬ್ಬರಲ್ಲಿ ಯಾರೇ ಆಗಿರಲಿ, ಅವರು ಹೊಸ ಪದವನ್ನು ಟಂಕಿಸಲಿಲ್ಲ. ಪುರಾಣದಲ್ಲಿ, ನಾಟಕದಲ್ಲಿ, ಹಳ್ಳಿಯ ಕತ್ತಲಲ್ಲಿ ಜನ ಕೇಳಿ ಬಲ್ಲ ಪದವನ್ನು ಎತ್ತಿಕೊಂಡರು. ಒಂದು ಯಂತ್ರ ಮಾತಾಡುತ್ತದೆ ಎಂದು ಹೇಳಿದ್ದರೆ ಅದು ವಿದೇಶಿ ವಿಚಿತ್ರವಾಗುತ್ತಿತ್ತು. ಆಕಾಶವಾಣಿ ಎಂದಾಕ್ಷಣ ಅದು ಪರಿಚಯದ ಪಾತ್ರವಾಯಿತು. ಕಾಣದವನ ಮಾತನ್ನು ನಂಬಿ ಕೇಳುವ ಅಭ್ಯಾಸ ಜನಕ್ಕೆ ಆಗಲೇ ಇತ್ತು, ಕಲಿಸಿದ್ದು ನಾಟಕ.

ಸಂಸ್ಕೃತ ನಾಟಕದ ವಿದ್ಯಾರ್ಥಿಗಳಿಗೆ ಇನ್ನೊಂದು ಹೋಲಿಕೆಯೂ ಹೊಳೆದೀತು. ದಶರೂಪಕಗಳಲ್ಲಿ ಒಂದಾದ ಭಾಣದಲ್ಲಿ ಇರುವುದು ಒಬ್ಬನೇ ನಟ. ಅವನು ಬೀದಿಯಲ್ಲಿ ನಡೆಯುತ್ತಾ, ಕಾಣದ ಜನರೊಡನೆ ಮಾತಾಡುತ್ತಾನೆ. ಅವರು ಏನೆಂದರು ಎಂಬುದನ್ನು ತಾನೇ ಕೇಳಿಸಿಕೊಂಡಂತೆ ಮಾಡಿ, ಅದನ್ನೇ ಮತ್ತೆ ಹೇಳಿ, ಉತ್ತರ ಕೊಡುತ್ತಾನೆ. ಶಾಸ್ತ್ರದಲ್ಲಿ ಇದಕ್ಕೆ ಆಕಾಶಭಾಷಿತ ಎನ್ನುತ್ತಾರೆ. ಎದುರಿಗೆ ಯಾರೂ ಇಲ್ಲದಿದ್ದರೂ ಇದ್ದಾರೆಂದೇ ಮಾತಾಡುವ ಈ ವಿದ್ಯೆ ರೇಡಿಯೋ ಕಲಾವಿದನ ಮೊದಲ ಪಾಠವೂ ಹೌದು.

ಪಶ್ಚಿಮದಲ್ಲಿ ಈ ಪಾಠವನ್ನು ಹೊಸದಾಗಿ ಹುಡುಕಬೇಕಾಯಿತು. ಬಿ.ಬಿ.ಸಿ. 1924ರ ಜನವರಿಯಲ್ಲಿ ಬಿತ್ತರಿಸಿದ ರಿಚರ್ಡ್ ಹ್ಯೂಸ್‌ನ 'ಡೇಂಜರ್', ರೇಡಿಯೋಗೆಂದೇ ಬರೆದ ಮೊದಲ ನಾಟಕಗಳಲ್ಲೊಂದು. ಕೇಳುಗರಿಗೆ ಏನೂ ಕಾಣುವುದಿಲ್ಲವಲ್ಲ ಎಂಬ ತೊಡಕಿಗೆ ಹ್ಯೂಸ್ ಹುಡುಕಿದ ಉಪಾಯ ಸರಳವಾಗಿತ್ತು. ಕಥೆಯನ್ನು ದೀಪ ಆರಿಹೋದ ಕಲ್ಲಿದ್ದಲ ಗಣಿಯೊಳಗೆ ಇಟ್ಟ. ಅಲ್ಲಿರುವ ಪಾತ್ರಗಳಿಗೇ ಏನೂ ಕಾಣದು. ನಮ್ಮಲ್ಲಿ ಆ ಉಪಾಯಕ್ಕೆ ಗಣಿ ಬೇಕಿರಲಿಲ್ಲ. ಕುರುಡ ಧೃತರಾಷ್ಟ್ರನಿಗೆ ಸಂಜಯ ಹದಿನೆಂಟು ದಿನದ ಯುದ್ಧವನ್ನು ಮಾತಿನಲ್ಲೇ ಕಟ್ಟಿಕೊಟ್ಟ ಕಥೆಯನ್ನು ಕೇಳಿ ಬೆಳೆದವರು ನಾವು.

ಇಷ್ಟೆಲ್ಲ ನಂಟಿದ್ದರೂ ರಂಗದಿಂದ ರೇಡಿಯೋಗೆ ಹೋದ ದಾರಿ ಎಲ್ಲರಿಗೂ ತೆರೆದಿರಲಿಲ್ಲ. ಇದನ್ನು ತಿಳಿಯಲು ಮೈಸೂರು ಬಿಟ್ಟು ಮಂಡ್ಯದ ಕಡೆ ಬರಬೇಕು. ವಿಠ್ಠಲ ವಿಹಾರದಲ್ಲಿ ನಿಲಯ ಆರಂಭವಾದಾಗ ಮಂಡ್ಯ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲವೂ ಮೈಸೂರು ಜಿಲ್ಲೆಗೇ ಸೇರಿದ್ದವು. 1939ರ ಜುಲೈ 1ರಂದು ಹೊಸ ಜಿಲ್ಲೆಯಾಯಿತು. ಅದಕ್ಕೆ ಆರು ವರ್ಷ ಮೊದಲು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನಿಂತಿತ್ತು. ಕೃಷ್ಣರಾಜಸಾಗರದ ನಾಲೆ ನೀರು ಬಂದು ರಾಗಿಯ ಹೊಲಗಳು ಕಬ್ಬು, ಭತ್ತದ ಗದ್ದೆಗಳಾಗುತ್ತಿದ್ದವು. ರೈತನ ಕೈಯಲ್ಲಿ ಒಂದಿಷ್ಟು ಕಾಸು ಓಡಾಡತೊಡಗಿದಾಗ ಅದರಲ್ಲಿ ಒಂದು ಪಾಲು ನಾಟಕಕ್ಕೆ ಹೋಯಿತು.

ಈ ಸೀಮೆಯ ನಾಟಕ ಎಂದರೆ ಮುಖ್ಯವಾಗಿ ಪೌರಾಣಿಕ ನಾಟಕ. ಅದರಲ್ಲೂ 'ಕುರುಕ್ಷೇತ್ರ'. ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು 'ಕುರುಕ್ಷೇತ್ರ' ಆಡಿತ್ತು. ಆನೆ ತರಲಾಗದ ಹಳ್ಳಿಯವರು ಹಾಡನ್ನೂ ಗದೆಯನ್ನೂ ತಂದುಕೊಂಡರು. ಇವತ್ತಿಗೂ ಮದ್ದೂರಿನ ಕಡೆಯ ಯಾವುದೇ ಬಸ್ ನಿಲ್ದಾಣದಲ್ಲಿ ಕುರುಕ್ಷೇತ್ರದ ಫ್ಲೆಕ್ಸ್ ಕಾಣುತ್ತದೆ. ದುರ್ಯೋಧನ, ಕರ್ಣ, ಭೀಮ, ಕೃಷ್ಣ, ಶಕುನಿ ಎಲ್ಲರೂ ತಮ್ಮ ತಮ್ಮ ಊರು, ಹೆಸರಿನ ಸಮೇತ ನಿಂತಿರುತ್ತಾರೆ. ಪಾತ್ರಧಾರಿಗಳಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾರ್ಟು ಬೇಕಾದವರೇ ಹಣ ಹಾಕಬೇಕು. ದೊಡ್ಡ ಪಾರ್ಟಿಗೆ ದೊಡ್ಡ ಮೊತ್ತ. ಡ್ರಾಮಾ ಮೇಷ್ಟರು ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ, ಉಡುಪು ಬಾಡಿಗೆಗೆ ಬರುತ್ತವೆ. ರಾತ್ರಿ ಶುರುವಾದ ಯುದ್ಧ ಬೆಳಗಿನ ಜಾವದ ತನಕ ನಡೆಯುತ್ತದೆ. ಜನ ಒನ್ಸ್ ಮೋರ್ ಎಂದರೆ ಸಾಯಬೇಕಾದ ಕರ್ಣ ಎದ್ದು ಕೂತು ಮತ್ತೆ ಹಾಡುತ್ತಾನೆ.

ಈ ರಂಗಕ್ಕೆ ಬೇಕಾದ ಕಂಠ ಬಯಲಿನ ಕಂಠ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಕೇಳಿಸಬೇಕಿತ್ತು. ಅತ್ತ ಮೈಸೂರು, ಬೆಂಗಳೂರಿನ ಹವ್ಯಾಸಿ ರಂಗದಲ್ಲಿ ಇನ್ನೊಂದು ಬಗೆಯ ಮಾತು ಹುಟ್ಟಿತ್ತು. ಕೈಲಾಸಂ ನಾಟಕಗಳ ಮಾತು ಅದು. ಪಡಸಾಲೆಯಲ್ಲಿ ಕೂತು ಆಡುವ, ಇಂಗ್ಲಿಷ್ ಬೆರೆತ, ಮಧ್ಯಮವರ್ಗದ ಮನೆಮಾತು. ಮೈಕ್ರೋಫೋನಿಗೆ ಒಗ್ಗಿದ್ದು ಈ ಎರಡನೆಯದು. ಮೈಕಿನ ಮುಂದೆ ಕೂಗಬಾರದು, ಒಬ್ಬನ ಕಿವಿಯ ಹತ್ತಿರ ಮಾತಾಡಿದಂತೆ ಮಾತಾಡಬೇಕು. ಹೀಗಾಗಿ ಕಾಲೇಜಿನ ನಾಟಕದಿಂದ ಬಂದವರು ರೇಡಿಯೋದಲ್ಲಿ ಸಲೀಸಾಗಿ ನಟರಾದರು, ಬರಹಗಾರರಾದರು. ಬಯಲಿನ ನಟ ಬಯಲಿನಲ್ಲೇ ಉಳಿದ. ಇದು ಯಾರೋ ಕೂತು ಮಾಡಿದ ಅನ್ಯಾಯವಲ್ಲ. ಯಂತ್ರದ ಗುಣ ಅದು. ಆದರೆ ಅದರ ಫಲ ದೂರ ಹೋಯಿತು.

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಮಂಡ್ಯ ಕಡೆಯ ಆಡುಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಈ ಮಾತನ್ನು ಸಿನಿಮಾದಲ್ಲಿ, ಹಾಸ್ಯ ಕಾರ್ಯಕ್ರಮಗಳಲ್ಲಿ ನಗೆಗೆ ಬಳಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಅದೇ ಮನುಷ್ಯ ದುರ್ಯೋಧನನ ಕಿರೀಟ ಇಟ್ಟುಕೊಂಡರೆ ಒಂದು ಹಕಾರವೂ ತಪ್ಪುವುದಿಲ್ಲ, ಮಹಾಪ್ರಾಣ ಸಡಿಲುವುದಿಲ್ಲ. ಶಾಲೆಯಲ್ಲಿ ನಾಲ್ಕನೇ ಕ್ಲಾಸು ದಾಟದವರು ಗ್ರಾಂಥಿಕ ಕನ್ನಡದ ಉದ್ದುದ್ದ ಮಾತುಗಳನ್ನು ಉಸಿರು ಒಡೆಯದೆ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ರೇಡಿಯೋ ಉದ್ಘೋಷಕನಿಗೆ ಕಲಿಸುವ ಉಚ್ಚಾರಣೆಯ ಪಾಠವನ್ನೇ ಡ್ರಾಮಾ ಮೇಷ್ಟರು ದನದ ಕೊಟ್ಟಿಗೆಯ ಪಕ್ಕ ಲಾಟೀನಿನ ಬೆಳಕಿನಲ್ಲಿ ಕಲಿಸುತ್ತಿದ್ದರು. ಅದು ಶಿಕ್ಷಣ ಎಂದು ಯಾವ ದಾಖಲೆಯಲ್ಲೂ ಬರೆದಿಲ್ಲ.

ಅಂಥ ಒಬ್ಬ ಮೇಷ್ಟರನ್ನು ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಾತಾಡಿಸಿದೆ. ಎಂಬತ್ತು ದಾಟಿದವರು. ಮೊದಲು ಯಾವ ಪಾರ್ಟು ಮಾಡಿದಿರಿ ಮೇಷ್ಟ್ರೇ ಎಂದಾಗ ಅವರು ನಕ್ಕು ಆಕಾಶವಾಣಿ ಎಂದರು. "ಕಂಸನ ಪಾಲ್ಟಿಗೆ ಕಾಸು ಕೊಡ್ಬೇಕಾಗಿತ್ತು ಕಣ್ ಮಗ. ನಮ್ಮಪ್ಪನ್ ತಾವ ಎಲ್ಲಿತ್ತು? ಆಕಾಶವಾಣಿಗೆ ಕಾಸಿಲ್ಲ, ಬಣ್ಣ ಇಲ್ಲ, ಕಿರೀಟ ಇಲ್ಲ. ಪರ್ದೆ ಇಂದೆ ನಿಂತ್ಕಂಡು ಖಾಲಿ ಬಿಂದ್ಗೆ ಒಳಿಕ್ಕೆ ಬಾಯಿಟ್ಟು ಮಾತಾಡ್ಲಾ ಅಂದ್ರು." ಬಿಂದಿಗೆಯಲ್ಲಿ ಮಾತಾಡಿದರೆ ದನಿ ಗುಂಯ್ ಎನ್ನುತ್ತದೆ, ಮನುಷ್ಯನ ಗಂಟಲಿನಿಂದ ಬಂದಂತೆ ಕೇಳುವುದಿಲ್ಲ. ಮುಂದೆ ಊರಿನ ಪಂಚಾಯ್ತಿಗೆ ರೇಡಿಯೋ ಬಂದಾಗ ಅದರೊಳಗಿನ ದನಿ ಮೊದಲು ಹೇಳಿದ ಮಾತೇ ಆಕಾಶವಾಣಿ. "ಅರೆ, ಇದು ನನ್ ಪಾಲ್ಟಲ್ವಾ ಅಂದ್ಕಂಡೆ" ಎಂದರು.

ಈ ಮಾತನ್ನು ನಾನು ಹಾಸ್ಯವಾಗಿ ಬರೆದುಕೊಂಡಿಲ್ಲ. ನಾಟಕದಲ್ಲಿ ಹಣವಿಲ್ಲದವನಿಗೆ ಉಳಿದ ಪಾತ್ರ ಅದು, ಮುಖವೇ ಇಲ್ಲದ ಪಾತ್ರ. ರೇಡಿಯೋ ಎಂಬ ಮಾಧ್ಯಮ ಅಂಥವರಿಗೆ ತೆರೆಯಬಹುದಾಗಿತ್ತು. ರೂಪ ಬೇಡ, ಉಡುಪು ಬೇಡ, ಪಾರ್ಟಿಗೆ ಕಾಸು ಬೇಡ, ಕಂಠವೊಂದಿದ್ದರೆ ಸಾಕು. ಆದರೆ ಕಂಠದಷ್ಟೇ ಮುಖ್ಯವಾಗಿ ಇನ್ನೊಂದು ಬೇಕಿತ್ತು. ನಿಲಯದ ಹತ್ತಿರ ಇರುವ ಮನೆ, ಕಾಲೇಜಿನ ಸಹವಾಸ, ಮೈಕು ಬಯಸುವ ಮಾತಿನ ವರಸೆ.

ವಿದ್ಯುತ್ತಿನ ಕಥೆಯೂ ಹೀಗೇ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ತಂತಿ ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಆಮೇಲೆ ಮೈಸೂರಿಗೆ. ಗೋಪಾಲಸ್ವಾಮಿಯವರ ನಿಲಯ ಆರಂಭವಾದ ಹೊತ್ತಿಗೆ ಸಂಸ್ಥಾನದ ವಿದ್ಯುತ್ತಿಗೆ ಆಧಾರ ಈ ಕಾವೇರಿಯ ಜಲಪಾತವೇ. ಮಳವಳ್ಳಿಯ ನೀರು ಮೈಸೂರಿನ ದನಿಯಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಆ ದನಿ ಮಳವಳ್ಳಿಯ ಹಳ್ಳಿಗಳಿಗೆ ಮನೆಮನೆಯ ದನಿಯಾಗಿ ಮರಳಿದ್ದು ಬಹಳ ತಡವಾಗಿ, ಬ್ಯಾಟರಿ ಹಾಕುವ ಟ್ರಾನ್ಸಿಸ್ಟರ್ ಬಂದ ಮೇಲೆ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿ, ಟ್ರಾನ್ಸಿಸ್ಟರಿಗೆ ಚರ್ಮದ ಅಂಗಿ ಹೊಲಿಸಿ, ಗದ್ದೆಯ ಬದುವಿಗೆ ತೂಗುಹಾಕಿಕೊಂಡು ಜನ 'ಕೃಷಿರಂಗ' ಕೇಳಿದರು, ನಾಟಕ ಕೇಳಿದರು.

ಅಷ್ಟರಲ್ಲಿ ನಿಲಯ ಕೈ ಬದಲಿಸಿತ್ತು. 1940ರ ದಶಕದ ಆರಂಭದಲ್ಲಿ ಅದು ಮೈಸೂರು ಸಂಸ್ಥಾನದ ಆಡಳಿತಕ್ಕೆ ಬಂತು. 1950ರಲ್ಲಿ ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಯಿತು. ಅದೇ ದಶಕದ ಕೊನೆಯ ಹೊತ್ತಿಗೆ ಮೈಸೂರಿನ ಆ ಮನೆಯ ಹೆಸರನ್ನು ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ಬೆಂಗಳೂರು ನಿಲಯ ತನ್ನದೇ ನಟ-ಬರಹಗಾರರನ್ನು ಬೆಳೆಸಿತು. ಅವರಲ್ಲಿ ಎ.ಎಸ್. ಮೂರ್ತಿ ಒಬ್ಬರು. ರಂಗಭೂಮಿಯ ಮನುಷ್ಯ, ಬೀದಿನಾಟಕ ಕಟ್ಟಿದವರು, 'ಅಭಿನಯ ತರಂಗ' ಎಂಬ ರಂಗಶಾಲೆಯನ್ನು ಬೆಂಗಳೂರಿನಲ್ಲಿ ನಡೆಸಿದವರು. ಕೇಳುಗರಿಗೆ ಮಾತ್ರ ಅವರು 'ಈರಣ್ಣ'. ರೇಡಿಯೋ ಪಾತ್ರ ಎಷ್ಟು ಬೆಳೆಯಿತೆಂದರೆ ನಾಡಿಗೆಲ್ಲ ಅವರು ಆಕಾಶವಾಣಿ ಈರಣ್ಣ ಆದರು. ನಟನ ಹೆಸರನ್ನು ಪಾತ್ರ ನುಂಗುವುದು ರಂಗಭೂಮಿಯಲ್ಲೂ ಉಂಟು. ಆದರೆ ಅಲ್ಲಿ ಮುಖವಾದರೂ ನೆನಪಿರುತ್ತದೆ.

ಇಂಥ ಬದುಕುಗಳ ಚರಿತ್ರೆ ಬರೆಯಲು ಹೊರಟರೆ ಎದುರಾಗುವುದು ಮೌನ. ಕಸ್ತೂರಿಯವರು ಬರೆದದ್ದನ್ನು ಓದಬಹುದು. ಗೋಪಾಲಸ್ವಾಮಿಯವರ ನಿಲಯದ ಬಗ್ಗೆ ಬಲ್ಲವರು ಬರೆದಿಟ್ಟದ್ದು ಇದೆ. ವಿಠ್ಠಲ ವಿಹಾರದಿಂದ ಆಡಿದ ಮಾತು ಮಾತ್ರ ಆಡಿದೊಡನೆ ಮುಗಿದದ್ದು. ಅಂದಿನ ಬಿತ್ತರಗಳು ನೇರವಾಗಿ ಹೋಗುತ್ತಿದ್ದವು, ಹಿಡಿದಿಡುವ ಅನುಕೂಲ ಕಡಿಮೆ. ಒಬ್ಬ ನಟ ಅಥವಾ ಮಾತುಗಾರನ ಇಡೀ ಸಾಧನೆ ಅವನ ದನಿಯಲ್ಲಿತ್ತು ಎಂದು ನಾವು ಹೊಗಳುತ್ತೇವೆ. ಆ ದನಿಯನ್ನೇ ಕೇಳದೆ ಹೊಗಳುತ್ತೇವೆ.

ಬೇರೆ ಕಡೆ ಹೀಗೆ ಆಗದಿರಲೂ ಸಾಧ್ಯವಾಗಿದೆ. ಕಲ್ಕತ್ತಾ ರೇಡಿಯೋದ ಬೀರೇಂದ್ರಕೃಷ್ಣ ಭದ್ರ ನಾಟಕಕಾರರು, ನಿರ್ದೇಶಕರು, ಬಿರೂಪಾಕ್ಷ ಎಂಬ ಹೆಸರಿನಲ್ಲಿ ಹಾಸ್ಯ ಬರೆದವರು. ನಮ್ಮ ಕಸ್ತೂರಿಯವರಿಗೆ ದೂರದ ದಾಯಾದಿಯಂತೆ ಕಾಣುತ್ತಾರೆ. 1931ರಿಂದ ಮಹಾಲಯ ಅಮಾವಾಸ್ಯೆಯ ಬೆಳಗಿನ ಜಾವ ಅವರ ಕಂಠದಲ್ಲಿ 'ಮಹಿಷಾಸುರಮರ್ದಿನಿ' ಬಿತ್ತರವಾಗುತ್ತಿತ್ತು. ವರ್ಷಗಳ ಕಾಲ ನೇರ ಪ್ರಸಾರ, ಆಮೇಲೆ ಧ್ವನಿಮುದ್ರಣ. 1976ರಲ್ಲಿ ಅವರನ್ನು ಬಿಟ್ಟು ಸಿನಿಮಾ ನಟ ಉತ್ತಮ್ ಕುಮಾರ್ ಅವರಿಂದ ಮಾಡಿಸಿದ ಹೊಸ ಕಾರ್ಯಕ್ರಮ ಹಾಕಿದಾಗ ಬಂಗಾಳಿಗಳು ಸುಮ್ಮನಿರಲಿಲ್ಲ. ಹಳೆಯ ದನಿಯನ್ನು ಮರಳಿ ತರಬೇಕಾಯಿತು. ಭದ್ರ ತೀರಿಕೊಂಡದ್ದು 1991ರಲ್ಲಿ, ಅವರ ದನಿ ಈಗಲೂ ಪ್ರತಿ ವರ್ಷ ಬಂಗಾಳವನ್ನು ಎಬ್ಬಿಸುತ್ತದೆ. ದನಿ ಉಳಿದದ್ದು ಯಂತ್ರದಿಂದ ಮಾತ್ರವಲ್ಲ, ಇದು ನಮ್ಮದು, ಬೇಕು ಎಂದು ಜನ ಹಟ ಹಿಡಿದದ್ದರಿಂದ.

ನಮ್ಮ ಹಟ ಯಾವುದಕ್ಕೆ ಇರಬೇಕು? 1935ರ ಮೈಸೂರಿನ ದನಿಯನ್ನು ಈಗ ಯಾರೂ ತರಲಾರರು. ಆದರೆ ರೇಡಿಯೋ ಬಿಟ್ಟುಹೋದ ಬಯಲಿನ ಕಂಠ ಇನ್ನೂ 'ಕುರುಕ್ಷೇತ್ರ' ಆಡುತ್ತಿದೆ. ಆ ಕಂಠವನ್ನು ತಿದ್ದಿದ ಹಳೆಯ ತಲೆಮಾರಿನ ಮೇಷ್ಟರುಗಳು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಈಗಿನ ನಾಟಕಗಳನ್ನು ಮೊಬೈಲಿನಲ್ಲಿ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಹಿಡಿಯುವುದೆಲ್ಲ ದುರ್ಯೋಧನನ ಪ್ರವೇಶ, ನೋಟಿನ ಹಾರ, ಪಟಾಕಿ. ತಾಲೀಮಿನಲ್ಲಿ ಮೇಷ್ಟರು ಒಂದು ಪದವನ್ನು ಹತ್ತು ಸಲ ಹೇಳಿಸುವುದನ್ನು, ಪರದೆಯ ಹಿಂದೆ ನಿಂತವನ ಮಾತನ್ನು ಹಿಡಿಯುವವರು ಕಡಿಮೆ.

ಈ ಸೀಮೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಹಳೆಯ ನಾಟಕದವರು ಇದ್ದರೆ ಹೋಗಿ ಕೂತು ಮಾತಾಡಿಸಿ. ಅವರು ಹಾಡಿದ್ದನ್ನು ಮಾತ್ರವಲ್ಲ, ಮಾತಾಡಿದ್ದನ್ನೂ ಮುದ್ರಿಸಿಕೊಳ್ಳಿ. ಯಾವ ಊರು, ಯಾವ ವರ್ಷ, ಯಾವ ಪಾರ್ಟು, ಅದಕ್ಕೆ ಎಷ್ಟು ಕೊಟ್ಟರು, ಕಲಿಸಿದ ಮೇಷ್ಟರು ಯಾರು ಎಂದು ಕೇಳಿ ಬರೆದಿಡಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ. ನಿಮ್ಮ ನಾಟಕದಲ್ಲಿ ಆಕಾಶವಾಣಿಯ ಪಾರ್ಟು ಮಾಡಿದವರು ಯಾರು? ಹ್ಯಾಂಡ್‌ಬಿಲ್ಲಿನಲ್ಲಿ ಅವರ ಹೆಸರು ಇರುವುದಿಲ್ಲ.